ಬಾಗಿಲು ಇದೆ, ಮನೆ ಬೇಕಾಗಿದೆ

ಊರವರೆಲ್ಲ ಮನೆ ಕಟ್ಟಿಸಿ ಆಮೇಲೆ ಬಾಗಿಲು ತರುತ್ತಾರೆ. ನಾನು ಮೊದಲು ಬಾಗಿಲು ತಂದೆ. ತಪ್ಪು ನನ್ನದಲ್ಲ, ಬನಶಂಕರಿ ಜಾತ್ರೆಯದು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ನಿಲ್ಲುವ ಆ ಜಾತ್ರೆಯಲ್ಲಿ ನಾಟಕ ಕಂಪನಿಗಳಿಗೆ ಎಷ್ಟು ಹೆಸರೋ ಸಾಲಾಗಿ ನಿಲ್ಲಿಸಿದ ಬಾಗಿಲು ಚೌಕಟ್ಟುಗಳಿಗೂ ಅಷ್ಟೇ ಹೆಸರು. ರಾತ್ರಿ ಎರಡನೇ ಆಟ ನೋಡಿ ಹೊರಬಿದ್ದಾಗ ಚಳಿ ಕೊರೆಯುತ್ತಿತ್ತು, ತಲೆಯಲ್ಲಿ ಇನ್ನೂ ನಾಯಕನ ಡೈಲಾಗು ಗುಂಯ್‌ಗುಡುತ್ತಿತ್ತು. ಆ ಹೊತ್ತಿನಲ್ಲಿ ಎದುರಿಗೆ ಒಂದು ಚೌಕಟ್ಟು ನಿಂತಿತ್ತು. ಏಳೂವರೆ ಅಡಿ ಎತ್ತರ, ನಾಲ್ಕೂವರೆ ಅಡಿ ಅಗಲ, ನೆತ್ತಿಯ ಮೇಲೆ ಗಜಲಕ್ಷ್ಮಿ, ಎರಡೂ ಪಕ್ಕ ಬಳ್ಳಿ ಕೆತ್ತನೆ.

“ಅಸಲಿ ಸಾಗವಾನಿ ಐತ್ರಿ ಸಾಹೇಬ್ರ” ಎಂದ ಮಾರುವವ. ನಾನು ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, ಬಲ್ಲವನ ಹಾಗೆ ತಲೆದೂಗಿದೆ. ಮರುದಿನ ಬಾಗಲಕೋಟೆಯಲ್ಲಿ ನಮ್ಮ ಬಡಿಗೇರ ಅದನ್ನು ಕುಟ್ಟಲಿಲ್ಲ, ಮೂಸಿದ. “ಬೇವಿಂದೈತ್ರಿ ಮಾಸ್ತರ” ಎಂದ. ನನ್ನ ಮುಖ ನೋಡಿ, “ಹುಳಾ ಹತ್ತಂಗಿಲ್ಲ ಬಿಡ್ರಿ” ಎಂದು ಸಮಾಧಾನವನ್ನೂ ಹೇಳಿದ.

ನವನಗರದ ನಮ್ಮ ಮನೆಯ ಮುಂಬಾಗಿಲು ಮೂರಡಿ ಅಗಲ. ಚೌಕಟ್ಟು ಅದರೊಳಗೆ ಅಡ್ಡಡ್ಡವಾಗಿ ತೂರಿಸಿದರೂ ಒಳಗೆ ತಿರುಗಲಿಲ್ಲ. ನಾಲ್ಕು ಮಂದಿ ಹಗ್ಗ ಕಟ್ಟಿ ಮಾಳಿಗೆಯ ಮೇಲೆ ಎಳೆದು ನಿಲ್ಲಿಸಿದರು. ಅಂದಿನಿಂದ ನಮ್ಮ ಮಾಳಿಗೆಗೆ ಆಕಾಶದಿಂದ ಆಕಾಶಕ್ಕೆ ಹೋಗಲು ಒಂದು ಭವ್ಯವಾದ ಬಾಗಿಲಾಯಿತು. ಹಪ್ಪಳ ಒಣಹಾಕಲು ಬಂದ ಹೆಂಡತಿ ಅದನ್ನು ಮೇಲಿನಿಂದ ಕೆಳಗೆ ನೋಡಿ, “ಹೆಂಗೂ ಬಾಗಿಲಾ ತಂದೀರಿ, ಅದರ ಸುತ್ತ ಒಂದ ಮನೀನೂ ತಂದಬಿಡ್ರಲ್ಲ” ಅಂದಳು.

ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಇದೊಂದು ರೋಗ. ಯಾರು ಏನೇ ಹೇಳಲಿ, ‘ದತ್ತ’ ಎಂದು ಮೊದಲ ಸಾಲಿಗೆ ಬರೆದುಕೊಂಡುಬಿಡುತ್ತೇನೆ. ವ್ಯಂಗ್ಯವನ್ನೂ.

ಮನೆಯ ಬೆಲೆ ಕಟ್ಟುವ ವಿದ್ಯೆ ನನಗೆ ಗೊತ್ತಿದೆ ಎಂಬ ಭ್ರಮೆಗೂ ಒಂದು ಇತಿಹಾಸವಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಒತ್ತಿಬಂದು ಹಳೆ ಬಾಗಲಕೋಟೆಯ ಓಣಿಗಳಿಗೆ ನುಗ್ಗುವ ಮೊದಲು, ಪರಿಹಾರಕ್ಕೆಂದು ಮನೆಮನೆ ಅಳೆದರು. ನಮ್ಮ ಮನೆಗೆ ಬಂದ ಓವರ್‌ಸೀಯರ್ ಸಾಹೇಬರಿಗೆ ಟೇಪಿನ ಇನ್ನೊಂದು ತುದಿ ಹಿಡಿದವನು ನಾನು. ಗೋಡೆ ಎಷ್ಟು ದಪ್ಪ, ತೊಲೆ ಎಷ್ಟು, ಜಂತಿ ಎಷ್ಟು, ಕಿಟಕಿಗೆ ಸರಳೋ ಜಾಲರಿಯೋ, ಎಲ್ಲವೂ ಪಟ್ಟಿಗೆ. ಅಪ್ಪ ಹಿಂದೆಯೇ ಓಡಾಡುತ್ತ ಹರಾಜಿನವರ ಹಾಗೆ ಕೂಗುತ್ತಿದ್ದ: “ಇದು ಎರಡೂವರಿ ಫೂಟ್ರಿ! ಗಿಲಾವು ಬ್ಯಾರೆ ಹಿಡೀರಿ!” ತುಳಸಿಕಟ್ಟೆಯನ್ನು ಬರೆದರು, ದೀಪ ಇಡುವ ಮಾಡಗಳನ್ನು ಬರೆಯಲಿಲ್ಲ. ಮಾಡವೆಂದರೆ ಗೋಡೆ ಇಲ್ಲದ ಜಾಗ, ಇಲ್ಲದ್ದಕ್ಕೆ ರೊಕ್ಕ ಹೇಗೆ ಕೊಡಲಿ ಎಂದರು ಸಾಹೇಬರು. ತರ್ಕ ಸರಿಯಾಗಿತ್ತು. ಅಪ್ಪ ಮೂರು ದಿನ ಉಂಡಿರಲಿಲ್ಲ. ಆಮೇಲೆ ಚಾರ್ಲ್ಸ್ ಕೊರಿಯಾ ನಕ್ಷೆ ಮಾಡಿದ ನವನಗರದ ಸೆಕ್ಟರಿಗೆ ಬಂದೆವು. ರಸ್ತೆಗಳು ಅಗಲ, ಓಣಿ ಎಂಬ ಶಬ್ದವೇ ಇಲ್ಲ, ವಿಳಾಸ ಕೇಳಿದರೆ ಊರಿನ ಜನ ಸಂಖ್ಯೆಯಲ್ಲಿ ಮಾತಾಡುತ್ತಾರೆ.

ಇಂಥ ನನಗೆ ಇಳಕಲ್ಲಿನಿಂದ ಹೆಂಡತಿಯ ಸೋದರಮಾವ ಫೋನು ಮಾಡಿದರು. “ಅಳಿಯಂದ್ರ, ನಮ್ಮ ಓಣ್ಯಾಗ ಸಾವಕಾರ್ರ ಮನಿ ಕೊಡಾಕತ್ತಾರ. ಹನ್ನೆರಡ ಅಂಕಣದ್ದು. ರೇಟ ಕೇಳಿದ್ರ ನಗ್ತೀರಿ.”

ಕೇಳಿದೆ. ನಗಲಿಲ್ಲ, ಬೆವೆತೆ. ನವನಗರದಲ್ಲಿ ಆ ರೊಕ್ಕಕ್ಕೆ ಒಂದು ಖಾಲಿ ಸೈಟು ಬಂದರೆ ಪುಣ್ಯ. ಗುಂಡುಕಲ್ಲು, ಹಗ್ಗ, ಬ್ಯಾಟರಿ, ನೂರಡಿ ಟೇಪು, ಎರಡು ಗೆರೆಯ ನೋಟುಪುಸ್ತಕ ಚೀಲಕ್ಕೆ ತುಂಬಿಕೊಂಡು ಹುನಗುಂದದ ಬಸ್ಸು ಹತ್ತಿದೆ. ಕಣ್ಣಿಗೆ ಕರಿ ಕನ್ನಡಕ. ಕೊಳ್ಳುವವನ ಕಣ್ಣಿನಲ್ಲಿ ಆಸೆ ಕಂಡರೆ ರೇಟು ಏರುತ್ತದೆ ಎಂದು ಎಲ್ಲೋ ಓದಿದ್ದೆ.

ಅಮೀನಗಡದಲ್ಲಿ ಇಳಿದು ಒಂದು ಕಿಲೋ ಕರದಂಟು ಕಟ್ಟಿಸಿಕೊಂಡೆ. ಐಹೊಳೆಗೆ ತಿರುಗುವ ದಾರಿಯೂ ಅಲ್ಲೇ. ಬಸ್ಸು ಕಾಯುತ್ತ ನಿಂತಾಗ ಲಾಡ್ ಖಾನ್ ನೆನಪಾದ. ಚಾಲುಕ್ಯರ ಕಾಲದ ಗುಡಿಯೊಳಗೆ ಸಂಸಾರ ಹೂಡಿದ ಮನುಷ್ಯ. ಕಟ್ಟಿಸಿದ ಅರಸನ ಹೆಸರು ಸಾಮಾನ್ಯ ಜನರ ಬಾಯಲ್ಲಿಲ್ಲ, ಸುಮ್ಮನೆ ಒಳಗಿದ್ದವನ ಹೆಸರು ಗುಡಿಗೇ ಗಟ್ಟಿಯಾಯಿತು. ದೊಡ್ಡ ಕಟ್ಟಡದಲ್ಲಿ ಇರುವುದರ ಲಾಭ ಇದು. ಮುಂದೆ ಇಳಕಲ್ಲಿನಲ್ಲಿ ‘ಮಾಸ್ತರ ವಾಡೆ’ ಎಂದರೆ ಆಟೋದವರು ತಾವಾಗಿ ತಂದು ಬಿಡುವ ದೃಶ್ಯ ಕಣ್ಣಿಗೆ ಕಟ್ಟಿತು. ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಬಸ್ಸು ಹತ್ತಿದೆ.

ಮಾವನವರ ಓಣಿ ಅಂದರೆ ಓಣಿ. ಎರಡೂ ಕಡೆ ಎರಡು-ಮೂರು ಅಂಕಣದ ನೇಕಾರರ ಮನೆಗಳು, ಒಂದರ ಗೋಡೆಗೆ ಇನ್ನೊಂದು ಆತುಕೊಂಡಿದ್ದವು. ಕೆಲವದರಲ್ಲಿ ಕೈಮಗ್ಗದ ಲಟಕ್-ಪಟಕ್, ಹಲವದರಲ್ಲಿ ಪವರ್‌ಲೂಮಿನ ಸದ್ದು. ನಡುವೆ ಕುರಿಮಂದೆಯಲ್ಲಿ ಒಂಟೆ ಕೂತಂತೆ ಸಾವಕಾರರ ಮನೆ. ನೇಕಾರರಿಗೆ ನೂಲು ಕೊಟ್ಟು ಸೀರೆ ಕೊಳ್ಳುತ್ತಿದ್ದ ಮನೆತನವಂತೆ, ಮಕ್ಕಳು ಮೊಮ್ಮಕ್ಕಳೆಲ್ಲ ಊರು ಬಿಟ್ಟಿದ್ದರು. ಕೆಂಪು ಕಲ್ಲಿನ ಕಟ್ಟೆ, ಆನೆಕಾಲಿನಂಥ ಕಂಬಗಳು. ಎದೆ ಡವಡವ ಅಂತು. ಕನ್ನಡಕ ಸರಿಮಾಡಿಕೊಂಡು, ಪಕ್ಕದ ಸಂದಿಯಲ್ಲಿ ಟೇಪು ಬಿಚ್ಚಿದೆ.

ಅದೇ ಅನಾಹುತ. ಬಾಗಲಕೋಟೆ ಜಿಲ್ಲೆಯಲ್ಲಿ ಹಾವು ಬಿಟ್ಟರೂ ಜನ ಅಷ್ಟು ಹೆದರುವುದಿಲ್ಲ, ಟೇಪು ಬಿಚ್ಚಬಾರದು. ಒಂದೊಂದೇ ಮಗ್ಗ ನಿಂತಿತು. ನಿಮಿಷದೊಳಗೆ ಅರ್ಧ ಓಣಿ ನನ್ನ ಸುತ್ತ.

“ರೋಡ ಅಗಲ ಮಾಡ್ತೀರೇನ್ರಿ?”

“ಅಲ್ಲಲೇ, ಇವ್ರು ಬಾಗಲಕೋಟಿಯವ್ರಂತ. ಅಂದ್ರ ನೀರಿಂದ.”

ಒಬ್ಬ ಹೆಂಗಸು ಮುಂದೆ ಬಂದು ಕಳವಳದಿಂದ ಕೇಳಿದಳು: “519 ಇದ್ದದ್ದು 524 ಮಾಡ್ತಾರಂತಲ್ರಿ, ಇಲ್ಲೀಮಟಾ ಬರತೈತೇನ್ರಿ ನೀರ?”

ನಮ್ಮ ಕಡೆ ಕೂಸಿಗೂ ಗೊತ್ತಿರುವ ಸಂಖ್ಯೆಗಳು ಅವು. ಆಲಮಟ್ಟಿಯಲ್ಲಿ ನೀರು ನಿಲ್ಲುವ ಮಟ್ಟ 519.6 ಮೀಟರು, ಏರಿಸಬೇಕೆಂದಿರುವುದು 524.256ಕ್ಕೆ. ಇಳಕಲ್ಲಿಗೂ ಆ ನೀರಿಗೂ ಸಂಬಂಧವಿಲ್ಲವೆಂದು ಸಮುದ್ರಮಟ್ಟ, ಎತ್ತರ, ಇಳಿಜಾರು ಎಲ್ಲ ವಿವರಿಸಿದೆ. ವಿವರಿಸಿದಷ್ಟೂ ನಾನು ಸರ್ಕಾರದವನೆಂಬುದು ಖಾತ್ರಿಯಾಗುತ್ತ ಹೋಯಿತು. ಕಡೆಗೆ ಮಾವನವರು ಓಡಿಬಂದು, “ಏ, ನಮ್ಮ ಅಳಿಯಾರಪಾ ಇವ್ರು! ರಿಟೈರ ಮಾಸ್ತರು! ಇವ್ರ ಕೈಯಾಗ ಏನಿಲ್ಲ!” ಎಂದು ಕೂಗಿದ ಮೇಲೆಯೇ ಮಂದಿ ಕರಗಿದ್ದು. ಬಿಡಿಸಿದ್ದಕ್ಕೆ ಉಪಕಾರ ಹೇಳಬೇಕೋ, ಬಿಡಿಸಿದ ರೀತಿಗೆ ಮುನಿಯಬೇಕೋ ತಿಳಿಯಲಿಲ್ಲ.

ಮನೆ ಕಾಯುತ್ತಿದ್ದವಳು ಒಬ್ಬ ಆಯಿ. ಅವಳ ಗಂಡ ಅದೇ ಮನೆಯ ಪಡಸಾಲೆಯಲ್ಲಿ ಸಾವಕಾರರಿಗೆ ನೇಯುತ್ತಿದ್ದನಂತೆ, ಅವಳು ಕಂಡಿಕೆ ಸುತ್ತುತ್ತಿದ್ದಳಂತೆ. “ಬರ್ರಿ, ಬಗ್ಗಿ ಬರ್ರಿ” ಎಂದಳು. ಅವಳ ಮಾತಿನ ಎರಡನೇ ಭಾಗ ಕಿವಿಗೆ ಬೀಳುವಷ್ಟರಲ್ಲಿ ಹಣೆ ದಾರಂದಕ್ಕೆ ಬಡಿದಿತ್ತು. ಕರಿ ಕನ್ನಡಕ ಎರಡು ತುಂಡು. ಕಣ್ಣಲ್ಲಿ ನೀರು ತುಂಬಿದ್ದರೂ ಮನಸ್ಸಿನಲ್ಲಿ ಲೆಕ್ಕ ಮಾಡಿದೆ: ಬಾಗಿಲ ಎತ್ತರ ಐದೂಕಾಲು ಅಡಿ. ನನ್ನ ಚೌಕಟ್ಟು ಏಳೂವರೆ. ಗೋಡೆ ಒಡೆಯಬೇಕು. ಒಡೆದರಾಯಿತು.

ಟೇಪಿನ ತುದಿ ಹಿಡಿಯಲು ಐದನೇ ಇಯತ್ತೆಯ ಒಂದು ಹುಡುಗಿ ತಾನಾಗಿ ಬಂದಳು. ಕರದಂಟಿನ ಪೊಟ್ಟಣ ಅವಳಿಗೆ ಕಂಡಿತ್ತು. ಅಳೆದೆವು. ಪಡಸಾಲೆ ಹದಿನಾಲ್ಕು ಅಡಿ, ನಡುಮನೆ ಇಪ್ಪತ್ತೆರಡು, ಅಡಿಗೆಮನೆ ಹದಿನಾಲ್ಕು. ಒಟ್ಟು ಐವತ್ತು. ಸಂದಿಯಲ್ಲಿ ಹೊರಗಿನಿಂದ ಅಳೆದಾಗ ಬಂದದ್ದು ಅರವತ್ತೆರಡು.

ಮೈ ಝುಂ ಎಂದಿತು. ಹನ್ನೆರಡು ಅಡಿ ಕಾಣೆಯಾಗಿದೆ! ಸಾವಕಾರರ ಮನೆ, ಹಳೇ ಕಾಲ, ಗುಪ್ತ ಕೋಣೆ. ಮಾವನವರನ್ನು ಮೂಲೆಗೆ ಕರೆದು ಪಿಸುಗುಟ್ಟಿದೆ. ಅವರ ಕಣ್ಣೂ ಅರಳಿದವು. ಇಬ್ಬರೂ ಸೇರಿ ಒಂದು ತಾಸು ಗೋಡೆ ಕುಟ್ಟಿದೆವು. ದೇವರ ಜಗಲಿಯ ಹಿಂದೆ ಟೊಳ್ಳು ಸದ್ದು ಬಂತೆಂದು ಮಾವನವರು, ಅಲ್ಲ ಅದು ನಿಮ್ಮ ಉಂಗುರದ ಸದ್ದೆಂದು ನಾನು. ಹಗೇವಿನ ಬಾಯಿಯ ಕಲ್ಲು ಸರಿಸಿ ಬ್ಯಾಟರಿ ಬಿಟ್ಟು ನೋಡಿದೆವು. ಜೋಳ ತುಂಬುತ್ತಿದ್ದ ಆ ನೆಲಗುಂಡಿಯಲ್ಲಿ ಈಗ ಒಂದು ಕಪ್ಪೆ ಇತ್ತು. ಅದೂ ನಮ್ಮನ್ನು ಅಳೆಯುವಂತೆ ನೋಡಿತು.

ಅಷ್ಟೂ ಹೊತ್ತು ಸುಮ್ಮನಿದ್ದ ಹುಡುಗಿ, ಬಾಯಲ್ಲಿದ್ದ ಕರದಂಟು ನುಂಗಿ ಕೇಳಿದಳು: “ಸರ, ಗ್ವಾಡಿ ಹಿಡದಿಲ್ಲಲ್ರಿ?”

ಒಂದೊಂದು ಗೋಡೆ ಮೂರಡಿ ದಪ್ಪ. ಮುಂದಿನದೊಂದು, ಹಿಂದಿನದೊಂದು, ನಡುವೆ ಎರಡು. ನಾಲ್ಕು ಮೂರಲೆ ಹನ್ನೆರಡು. ಗೋಡೆಯ ದಪ್ಪವನ್ನು ಊರಿಗೆಲ್ಲ ಕೇಳುವಂತೆ ಕೂಗಿದ ಅಪ್ಪನ ಮಗ ನಾನು.

ಹುಡುಗಿಯ ಕಣ್ಣು ತಪ್ಪಿಸಲು ಒಂದೇ ದಾರಿ ಉಳಿದಿತ್ತು. ಗಂಭೀರವಾಗಿ ಮೇಲೆ ನೋಡುತ್ತ ಪಡಸಾಲೆಯ ಜಂತಿ ಎಣಿಸತೊಡಗಿದೆ. ಒಂದು, ಎರಡು, ಮೂರು... ಎಣಿಸುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ. ಹನ್ನೊಂದರ ತನಕ ನೆನಪಿದೆ.

ಇಳಕಲ್ ಸೀರೆಯ ಕೈಮಗ್ಗ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಕಾಲು ಅದರೊಳಗೆ ಇಳಿಬಿಟ್ಟು, ಅಂಚಿಗೆ ಕೂತು ನೇಯುವುದು. ಈ ಮನೆಯ ಮಗ್ಗ ಕಿತ್ತು ಎಷ್ಟೋ ವರ್ಷವಾಗಿತ್ತು, ಕುಣಿ ಉಳಿದಿತ್ತು, ಮೇಲೆ ಗೋಣಿತಟ್ಟು ಹಾಸಿದ್ದರು. ಈಗ ಗೋಣಿತಟ್ಟಿನ ಸಮೇತ ನಾನು ಅದರೊಳಗಿದ್ದೆ. ಮೊಣಕಾಲು ಎದೆಗೆ, ಕೈಯಲ್ಲಿ ಟೇಪು, ಸೊಂಟ ಸಿಕ್ಕಿಕೊಂಡಿತ್ತು. ಪಿಂಚಣಿ ಶುರುವಾದ ಮೇಲೆ ಬೆಳೆದ ಹೊಟ್ಟೆಯನ್ನು ಆ ಕುಣಿ ತೋಡಿದವ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಯಿ ನಿಧಾನವಾಗಿ ಬಂದು ಬಗ್ಗಿ ನೋಡಿದಳು. “ಹೆಂಗೂ ಕುಂತೀರಿ, ಎರಡ ಮೊಳಾ ನೇಯ್ದ ಹೋಗ್ರಿ ಮಾಸ್ತರ” ಎಂದಳು.

ಎತ್ತಲು ಓಣಿಯವರೇ ಬೇಕಾಯಿತು. ಬೆಳಿಗ್ಗೆ ನೀರಿನ ಬಗ್ಗೆ ಕೇಳಿದ ಹೆಂಗಸೂ ಬಂದಳು. ಒಬ್ಬರು ರಟ್ಟೆ, ಒಬ್ಬರು ಕಾಲರು ಹಿಡಿದು ಜಗ್ಗುತ್ತಿರುವಾಗ, ಮನೆಯ ಎಲ್ಲ ಸಂಗತಿ ಪುಕ್ಕಟೆಯಾಗಿ ಕಿವಿಗೆ ಬಿತ್ತು. ಉತಾರ ಇನ್ನೂ ಮುತ್ತಜ್ಜನ ಹೆಸರಿನಲ್ಲಿದೆ. ವಾಟಣಿ ಆಗಿಲ್ಲ. ಪಾಲುದಾರರು ಹದಿನಾಲ್ಕು ಮಂದಿ, ಸೊಲ್ಲಾಪುರ, ಹುಬ್ಬಳ್ಳಿ, ಬೆಂಗಳೂರು, ಒಬ್ಬ ಅಮೆರಿಕ. ಅಣ್ಣತಮ್ಮಂದಿರಿಬ್ಬರು ಮಾತು ಬಿಟ್ಟು ಇಪ್ಪತ್ತು ವರ್ಷ. “ಸೆರಗಿಗೂ ಮೈಗೂ ಎಳಿ ಎಳಿ ಕೂಡಿಸಿ ಕೊಂಡಿ ಹಾಕಬಹುದ್ರಿ, ಇವರನ್ನ ಕೂಡ್ಸಾಕಾಗಂಗಿಲ್ಲ” ಎಂದ ಒಬ್ಬ ನೇಕಾರ, ನನ್ನ ಬಲಗೈ ಜಗ್ಗುತ್ತ. ಹೋದ ತಿಂಗಳು ಒಬ್ಬ ಕಟ್ಟಿಗೆ ವ್ಯಾಪಾರಿ ಬಂದಿದ್ದನಂತೆ. ಅವನು ಗೋಡೆ ನೋಡಲೇ ಇಲ್ಲ. ಕಂಬ, ತೊಲೆ, ಬಾಗಿಲಿಗೆ ಮಾತ್ರ ರೇಟು ಹೇಳಿ ಹೋದ. ರೆಸಾರ್ಟಿನವರು ಹಳೇ ಕಂಬಕ್ಕೆ ಮುಗಿಬೀಳುತ್ತಾರೆ.

ಬಾಗಲಕೋಟೆಗೆ ಬಂದು, ಸೊಂಟಕ್ಕೆ ಪಟ್ಟಿ ಸುತ್ತಿಕೊಂಡು, ಬ್ಯಾಂಕಿನಲ್ಲಿರುವ ಹಳೆಯ ಶಿಷ್ಯನನ್ನು ಕೇಳಿದೆ. ಅವನು ವಿನಯದಿಂದಲೇ ಹೇಳಿದ. ಮಣ್ಣಿನ ಗೋಡೆಯ ಹಳೇ ಮನೆಗೆ ಸವಕಳಿ ಕಳೆದರೆ ಉಳಿಯುವುದು ಜಾಗದ ಬೆಲೆ. ಜಾಗದ ಬೆಲೆ ನಿರ್ಧರಿಸುವುದು ಓಣಿ. ಅಕ್ಕಪಕ್ಕದ ಮನೆಗಳು ಯಾವ ದರಕ್ಕೆ ಹೋದವೋ ಅದೇ ದರಕ್ಕೆ ಇದೂ. ಕಾರು ಹೋಗದಿದ್ದರೆ ಇನ್ನೂ ಕಡಿಮೆ. ಹನ್ನೆರಡು ಅಂಕಣ ಇದ್ದದ್ದು ಗುಣವಲ್ಲ, ದೋಷ: ಅಷ್ಟು ದೊಡ್ಡದನ್ನು ಕೊಳ್ಳುವವನು ಆ ಓಣಿಗೆ ಬರುವುದಿಲ್ಲ, ಆ ಓಣಿಯವನಿಗೆ ಅಷ್ಟು ದೊಡ್ಡದನ್ನು ಕೊಳ್ಳಲಾಗುವುದಿಲ್ಲ. “ಮಾಳಿಗೀಗೆ ಸವಳ ಮಣ್ಣ ಹಾಕಸೋದ ಯಾರ ಸರ, ಪ್ರತಿ ಮಳಿಗಾಲಾ? ನೀವ ಹತ್ತೀರಿ?” ಎಂದ. ನಾನು ಸೊಂಟ ಮುಟ್ಟಿಕೊಂಡೆ. ಗಣಿತದಲ್ಲಿ ಅವನಿಗೆ ನಾನೇ ಮೂವತ್ತೈದು ಕೊಟ್ಟು ಪಾಸು ಮಾಡಿದ್ದೆ.

ಚೌಕಟ್ಟು ಮಾಳಿಗೆಯ ಮೇಲೆಯೇ ಇದೆ. ಹೆಂಡತಿ ಅದಕ್ಕೆ ಹೀರೆಬಳ್ಳಿ ಹಬ್ಬಿಸಿದ್ದಾಳೆ. ಗಜಲಕ್ಷ್ಮಿಯ ಎಡದ ಆನೆ ಕಾಣುವುದಿಲ್ಲ, ಬಲದ್ದರ ಸೊಂಡಿಲಿಗೆ ಕಾಯಿ ಜೋತುಬಿದ್ದಿದೆ.

ಮೊನ್ನೆ ದೀಪಾವಳಿಗೆ ಇಳಕಲ್ಲಿನ ಮಾವನವರು ಫೋನು ಮಾಡಿದ್ದರು. ಮನೆ ಹೋಗಿಲ್ಲವಂತೆ. ಓಣಿಯ ಹುಡುಗರು ಅಲ್ಲಿ ಕಣ್ಣಾಮುಚ್ಚಾಲೆ ಆಡುತ್ತಾರಂತೆ. ಅಡಗಲು ಎಲ್ಲಕ್ಕಿಂತ ಒಳ್ಳೆಯ ಜಾಗ ಪಡಸಾಲೆಯ ಕುಣಿಯಂತೆ, ಅದಕ್ಕೀಗ ಸಣ್ಣವರು ದೊಡ್ಡವರು ಎಲ್ಲರ ಬಾಯಲ್ಲೂ ‘ಮಾಸ್ತರ ಕುಣಿ’ ಎಂದೇ ಹೆಸರಂತೆ. “ನಿಮ್ಮ ಹೆಸರ ಗಟ್ಟಿಯಾತ ನೋಡ್ರಿ ಅಳಿಯಂದ್ರ” ಎಂದು ನಗುತ್ತಲೇ ಫೋನಿಟ್ಟರು.

ಹೆಂಡತಿಗೆ ಹೇಳಿದೆ. ಅವಳು ಹೀರೇಕಾಯಿ ಹೆರೆಯುತ್ತ, ತಲೆ ಎತ್ತದೆಯೇ ಕೇಳಿದಳು: “ಅದಕ್ಕ ಬಾಗಿಲಾ ಬೇಕೇನಂತ?”