ಮಂಡಿ ಮೀಮಾಂಸೆ: ಶ್ರವಣಬೆಳಗೊಳದ ಒಂದು ಹಗಲಿನ ಪಾದಯಾನವನ್ನು ಕುರಿತು

ಇತಿಹಾಸವನ್ನು ನಡೆಸಿದವರು ಅರಸರೋ ದಂಡನಾಯಕರೋ ಎಂಬ ಜಿಜ್ಞಾಸೆ ವಿದ್ವಾಂಸರಲ್ಲಿ ಬಹುಕಾಲದಿಂದ ಇದೆ. ಎರಡೂ ತಪ್ಪು. ಪ್ರವಾಸಿಯ ಮಟ್ಟಿಗೆ ಇತಿಹಾಸವನ್ನು ನಡೆಸುವುದು ಅವನ ಮಂಡಿ. ಮಂಡಿ ಒಪ್ಪುವವರೆಗೆ ಗಂಗರು, ಹೊಯ್ಸಳರು. ಅದು ಮುಷ್ಕರ ಹೂಡಿದ ಮೇಲೆ ಎಳನೀರು. ಈ ಸಿದ್ಧಾಂತವನ್ನು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಆಧಾರದಿಂದ ಸಾಧಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲಿಗೆ ಪೂರ್ವಪಕ್ಷ. ಕಾಲ್ನಡಿಗೆಯಲ್ಲಿ ಊರು ನೋಡುವ ವಿದ್ಯೆಗೆ ಇಟಲಿಯೇ ತವರು ಎಂದು ವಿದೇಶಕ್ಕೆ ಹೋಗಿಬಂದ ನೆಂಟರು ವಾದಿಸುತ್ತಾರೆ. ಫ್ಲಾರೆನ್ಸಿನ ಗುಮ್ಮಟಕ್ಕೆ 463 ಮೆಟ್ಟಿಲು ಹತ್ತಿದೆವೆಂದು ಫೋಟೊ ಸಮೇತ ಪುರಾವೆ ಒದಗಿಸುತ್ತಾರೆ. ಹತ್ತಿರಬಹುದು. ಆದರೆ ಬೂಟು ಹಾಕಿಕೊಂಡು ಹತ್ತಿದರು. ಅಂಥ ಸಾಕ್ಷ್ಯವನ್ನು ನಮ್ಮ ಶಾಸ್ತ್ರ ಅಂಗೀಕರಿಸುವುದಿಲ್ಲ. ಇಲ್ಲಿ ಗೊಮ್ಮಟ ನಿಂತಿರುವ ದೊಡ್ಡಬೆಟ್ಟದ ಬುಡದಲ್ಲೇ ಚಪ್ಪಲಿ ಬಿಡಬೇಕು. ಅದೇ ಫ್ಲಾರೆನ್ಸಿನಲ್ಲಿ ಮೈಕೆಲಾಂಜೆಲೊ 1504ರಲ್ಲಿ ಮುಗಿಸಿದ ಡೇವಿಡ್ ಸುಮಾರು 17 ಅಡಿ. ಅದಕ್ಕಿಂತ ಐದು ಶತಮಾನ ಹಿಂದೆ ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ ಗೊಮ್ಮಟ 58 ಅಡಿ. ಮೂವರು ಡೇವಿಡ್ಡರನ್ನು ಒಬ್ಬರ ತಲೆಯ ಮೇಲೊಬ್ಬರನ್ನು ನಿಲ್ಲಿಸಿದರೂ ಇನ್ನೂ ಏಳು ಅಡಿ ಬಾಕಿ. ಪೂರ್ವಪಕ್ಷ ಇಲ್ಲಿಗೆ ಬಿದ್ದುಹೋಯಿತು.

ಈಗ ಮೆಟ್ಟಿಲುಗಳ ವಿಚಾರ. ದೊಡ್ಡಬೆಟ್ಟಕ್ಕೆ ಮೆಟ್ಟಿಲು ಎಷ್ಟು ಎಂಬುದರಲ್ಲಿ ಪಾಠಾಂತರಗಳು ವಿಪುಲ. ಆರುನೂರರ ಮೇಲೆ ಎಂಬುದಷ್ಟೇ ಸರ್ವಸಮ್ಮತ. ಈ ಭೇದಕ್ಕೆ ಲಿಪಿಕಾರರ ಅಜಾಗ್ರತೆ ಕಾರಣವಲ್ಲ. ಹತ್ತುತ್ತಾ ಎಣಿಸಿದವರ ಲೆಕ್ಕ ಹೆಚ್ಚು, ಇಳಿಯುತ್ತಾ ಎಣಿಸಿದವರದು ಕಡಿಮೆ, ಮೊಮ್ಮಕ್ಕಳನ್ನು ಕಳಿಸಿ ಕೆಳಗೆ ಕುಳಿತವರದು ಎಲ್ಲಕ್ಕಿಂತ ಖಚಿತ. ಹತ್ತುವ ಕ್ರಮದಲ್ಲೂ ಪಂಥಗಳಿವೆ. ಬರಿಗಾಲ ಪಂಥದವರು ಹೊತ್ತು ಹುಟ್ಟುವ ಮೊದಲೇ ಹೊರಟು ಪುಣ್ಯವನ್ನೂ ತಣ್ಣನೆಯ ಬಂಡೆಯನ್ನೂ ಒಟ್ಟಿಗೆ ಪಡೆಯುತ್ತಾರೆ. ಸಾಕ್ಸ್ ಪಂಥದವರು ಹೋಟೆಲಿನಲ್ಲಿ ಎರಡನೇ ಕಾಫಿ ಮುಗಿಸಿ ಹನ್ನೊಂದಕ್ಕೆ ಬರುತ್ತಾರೆ. ಕಾದ ಬಂಡೆಯ ಮೇಲೆ ಇವರು ಹೆಜ್ಜೆ ಇಡುವ ರೀತಿಯನ್ನು ಭರತಶಾಸ್ತ್ರ ಬಲ್ಲವರು ಪ್ರತ್ಯೇಕವಾಗಿ ಅಧ್ಯಯನ ಮಾಡಬೇಕು. ಮೂರನೆಯದು ಡೋಲಿ ಸಂಪ್ರದಾಯ. ಇದರಲ್ಲಿ ದರ್ಶನ ಒಬ್ಬರಿಗೆ, ಮಂಡಿ ಇನ್ನೊಬ್ಬರದು.

ಯಾತ್ರಿಕರ ವರ್ಗೀಕರಣವನ್ನೂ ಸಂಗ್ರಹವಾಗಿ ಹೇಳಬಹುದು. ಹೊಳೆನರಸೀಪುರದವರು ಮದುವೆಯ ಮಾರನೆಯ ವಾರ ಹೊಸ ಅಳಿಯನನ್ನು ಕರೆತರುತ್ತಾರೆ. ಅವನ ಉಸಿರಾಟವನ್ನು ಮಾವನವರು ಗಮನಿಸುತ್ತಿರುತ್ತಾರೆ. ಅರಕಲಗೂಡಿನವರು ಬುತ್ತಿ ಕಟ್ಟಿಕೊಂಡು ಬಂದು, ಅರ್ಧ ಬೆಟ್ಟದಲ್ಲೇ ಅದರ ಭಾರದ ನೆಪ ಹೇಳಿ ಬಿಚ್ಚುತ್ತಾರೆ. ಹಾಸನದವರು ಬೆಂಗಳೂರಿನ ನೆಂಟರು ಬಂದಾಗ ಮಾತ್ರ ಬರುತ್ತಾರೆ. ಚನ್ನರಾಯಪಟ್ಟಣದವರು ಬರುವುದೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ. ಹದಿಮೂರು ಕಿಲೋಮೀಟರು ದೂರದ ಬೆಟ್ಟವೂ ಅಷ್ಟೆ.

ಇನ್ನು ಮುಖ್ಯ ವಿಷಯ. ದೊಡ್ಡಬೆಟ್ಟ ಹತ್ತಿದ ಪ್ರವಾಸಿ ಒದೆಗಲ್ ಬಸದಿ, ತ್ಯಾಗದ ಕಂಬ, ಒಂದೇ ಬಂಡೆಯಲ್ಲಿ ಕಡೆದ ಅಖಂಡ ಬಾಗಿಲು ಇವನ್ನು ದಾಟಿ ಗೊಮ್ಮಟನ ಮುಂದೆ ನಿಂತಾಗ ಮಾತು ಕಳೆದುಕೊಳ್ಳುತ್ತಾನೆ. ಇದಕ್ಕೆ ಭಕ್ತಿಯೆಷ್ಟು, ಏದುಸಿರೆಷ್ಟು ಎಂಬುದನ್ನು ಬಿಡಿಸಿ ಹೇಳುವುದು ಕಷ್ಟ. ಎದುರಿಗೆ ಗುಳ್ಳಕಾಯಜ್ಜಿ ನಿಂತಿದ್ದಾಳೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅದು ಗೊಮ್ಮಟನ ಪಾದದವರೆಗೆ ಇಳಿಯಲಿಲ್ಲವೆಂದೂ, ಅಜ್ಜಿಯ ಗುಳ್ಳಕಾಯಿಯ ಚಿಪ್ಪಿನಷ್ಟು ಹಾಲು ಇಳಿಯಿತೆಂದೂ ಐತಿಹ್ಯ. ಮಂತ್ರಿಯ ಹಾಲು ಎಲ್ಲಿ ತಡೆಯಿತು ಎಂಬುದನ್ನು ನಮ್ಮ ಸಿದ್ಧಾಂತ ಬಲ್ಲವರಿಗೆ ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಇಳಿಯುವುದು. ಇಳಿದು ನೋಡಿದರೆ ಕಲ್ಯಾಣಿಯ ಆಚೆ ಚಿಕ್ಕಬೆಟ್ಟ. ದೊಡ್ಡಬೆಟ್ಟದ ಅರ್ಧದಷ್ಟೂ ಎತ್ತರವಿಲ್ಲ. ಆದರೂ ಆ ಹೊತ್ತಿಗೆ ಮಂಡಿ ತೀರ್ಪು ಕೊಟ್ಟಾಗಿರುತ್ತದೆ: ‘ಅಲ್ಲೇನಿದೆ? ಹಳೇ ಬಸದಿ ಅಷ್ಟೇ.’ 1159ರಲ್ಲಿ ಹೊಯ್ಸಳರ ಭಂಡಾರಿ ಹುಳ್ಳ ಕಟ್ಟಿಸಿದ ಭಂಡಾರಿ ಬಸದಿಗೂ, 1181ರಲ್ಲಿ ಆಚಿಯಕ್ಕ ಕಟ್ಟಿಸಿದ ಅಕ್ಕನ ಬಸದಿಗೂ ಮೆಟ್ಟಿಲ ಕಾಟವಿಲ್ಲ. ಅವಕ್ಕೂ ಅದೇ ತೀರ್ಪು ಅನ್ವಯಿಸುತ್ತದೆ. ಸೌತೆಕಾಯಿಗೆ ಉಪ್ಪು ಖಾರ ಹಚ್ಚಿಸಿಕೊಂಡು ಎಲ್ಲರೂ ಬಸ್ಸು ಹತ್ತುತ್ತಾರೆ. ಇದು ದುರಂತ, ಏಕೆಂದರೆ ಬೆಳಗೊಳ ಶುರುವಾಗುವುದೇ ಚಿಕ್ಕಬೆಟ್ಟದಲ್ಲಿ. ಜೈನಮುನಿ ಭದ್ರಬಾಹುವಿನ ಕಥೆ ಹೇಳುವ, ಸುಮಾರು ಕ್ರಿ.ಶ. 600ರ ಶಾಸನ ಇರುವುದು ಅಲ್ಲಿ. ಆಗ ಗೊಮ್ಮಟನಿಗೆ ಇನ್ನೂ ನಾಲ್ಕು ಶತಮಾನ ಬಾಕಿ. ಚಂದ್ರಗುಪ್ತ ಬಸದಿಯಲ್ಲಿ ಭದ್ರಬಾಹು–ಚಂದ್ರಗುಪ್ತ ಮೌರ್ಯರ ಕಥೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಕೊರೆದ ಕಲ್ಲಿನ ಜಾಲಂಧ್ರಗಳಿವೆ, ಮೇಲೆ ಶಿಲ್ಪಿ ದಾಸೋಜನ ಹೆಸರಿದೆ. ಅವುಗಳ ಮುಂದೆ ಅರ್ಧ ಗಂಟೆ ಕೂರಬೇಕು. ಈ ಪ್ರಬಂಧದಲ್ಲಿ ತಮಾಷೆಯಲ್ಲದ ವಾಕ್ಯ ಅದೊಂದೇ ಎಂದುಕೊಳ್ಳಬೇಡಿ, ಮುಂದೆಯೂ ಒಂದಿದೆ.

ಅಂಕಿಅಂಶಗಳಿಲ್ಲದೆ ಸಿದ್ಧಾಂತ ನಿಲ್ಲದು. ಬೆಳಗೊಳದ ಶಾಸನಗಳನ್ನು 1889ರಲ್ಲಿ ಲೂಯಿ ರೈಸ್ ಪ್ರಕಟಿಸಿದಾಗ ಅವು 144. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ 500. 1973ರ ಆವೃತ್ತಿಯಲ್ಲಿ 573. ಈ ನಡುವೆ ಗಂಗರಾಗಲಿ ಹೊಯ್ಸಳರಾಗಲಿ ಬಂದು ಹೊಸದಾಗಿ ಕೆತ್ತಿಸಿಲ್ಲ. ಸಂಪಾದಕರ ಮಂಡಿ ಗಟ್ಟಿಯಾಗುತ್ತ ಬಂತು ಎಂದಷ್ಟೇ ಇದರಿಂದ ತಿಳಿಯಬೇಕು. ಈ 573ರಲ್ಲಿ 271 ಚಿಕ್ಕಬೆಟ್ಟದವು, 172 ದೊಡ್ಡಬೆಟ್ಟದವು. ಚಿಕ್ಕಬೆಟ್ಟದ ಎಷ್ಟೋ ಶಾಸನಗಳು ಸಲ್ಲೇಖನ ವ್ರತ ಹಿಡಿದು ಅಲ್ಲೇ ದೇಹ ಬಿಟ್ಟವರವು. ಅವರು ಇಳಿಯುವ ಮೆಟ್ಟಿಲುಗಳ ಲೆಕ್ಕ ಇಡಲಿಲ್ಲ. ಇನ್ನು ಕೆಲವು ಬಂಡೆಗಳಲ್ಲಿ ಯಾತ್ರಿಕರು ಬರೀ ತಮ್ಮ ಹೆಸರು ಕೊರೆದು ಹೋಗಿದ್ದಾರೆ. ಈಗಿನ ಪ್ರೇಮಿಗಳು ಮೊಳೆಯಿಂದ ಗೀಚುವುದೂ ಅದೇ ಪರಂಪರೆಯೆಂದು ಒಂದು ಪಂಥ ವಾದಿಸುತ್ತದೆ. ಕಾನೂನು ಆ ಪಂಥವನ್ನು ಒಪ್ಪಿಲ್ಲ, ಜೈಲಿನ ಸೌಕರ್ಯವಿದೆ.

ಕೊನೆಯದಾಗಿ ನಿರ್ಣಾಯಕ ಪ್ರಮಾಣ. ಚಿಕ್ಕಬೆಟ್ಟದ ಮೇಲೆ ಭರತನದೆಂದು ತೋರಿಸುವ, ಸುಮಾರು ಒಂಬತ್ತು ಅಡಿಯ ಮೂರ್ತಿಯೊಂದಿದೆ. ತಮ್ಮನಾದ ಬಾಹುಬಲಿ, ಅಂದರೆ ಗೊಮ್ಮಟ, ಎದುರು ಬೆಟ್ಟದಲ್ಲಿ ಅಡಿಯಿಂದ ಮುಡಿಯವರೆಗೆ ಪೂರ್ತಿಯಾಗಿದ್ದಾನೆ. ಅಣ್ಣನ ಮೂರ್ತಿ ಮಂಡಿಯಿಂದ ಮೇಲಕ್ಕೆ ಮಾತ್ರ ಇದೆ. ಶಿಲ್ಪಿ ಏಕೆ ನಿಲ್ಲಿಸಿದನೋ ಎಂದು ಬೇರೆಯವರು ತಲೆ ಕೆಡಿಸಿಕೊಳ್ಳಲಿ. ನಮಗೆ ಸಂದೇಹವಿಲ್ಲ: ದೊಡ್ಡಬೆಟ್ಟ ಮೊದಲು ಹತ್ತಿ, ಆಮೇಲೆ ಚಿಕ್ಕಬೆಟ್ಟಕ್ಕೆ ಬಂದವರೆಲ್ಲರ ಸ್ಥಿತಿ ಅದು.

ಆದಕಾರಣ ಓದುಗರಲ್ಲಿ ವಿನಂತಿ. ಬಸ್ಸಿಳಿದ ಕೂಡಲೇ ಚಿಕ್ಕಬೆಟ್ಟಕ್ಕೆ ಹೋಗಿ, ಬೆಳಗಿನ ಎಂಟಕ್ಕೇ. ಗೊಮ್ಮಟ ಸಾವಿರ ವರ್ಷದಿಂದ ನಿಂತೇ ಇದ್ದಾನೆ, ನಿಮಗಾಗಿ ಇನ್ನೆರಡು ಗಂಟೆ ಕಾಯುತ್ತಾನೆ. ಸಾಕ್ಸ್ ಮಾತ್ರ ಮರೆಯಬೇಡಿ.