ಗುಲಗಂಜಿ ತೂಕದ ಬಣ್ಣ

ನಂಜನಗೂಡಿನ ರಥಬೀದಿಯಿಂದ ಎರಡು ತಿರುವು ಆಚೆ ಒಂದು ತಗಡಿನ ಶೆಡ್ಡು. ಒಳಗೆ ಮೂರು ಹೊದಿಕೆ ಹೊದ್ದು ನಿಂತಿರುವವನು ಸಿಪಾನಿ ಡಾಲ್ಫಿನ್, ಬೆಂಗಳೂರಿನಲ್ಲಿ ಹುಟ್ಟಿದ ಅಪ್ಪಟ ಕರ್ನಾಟಕದ ಕಾರು. 1982ರ ಮಾಡೆಲ್. ಮೈಯೆಲ್ಲ ಕೆಂಪು, ಬಾನೆಟ್ ಮಾತ್ರ ಕಪ್ಪು, ಥೇಟು ಗುಲಗಂಜಿ. ಎರಡು ತಿಂಗಳ ಹಿಂದೆ ತಿ. ನರಸೀಪುರದಿಂದ ಕೊಂಡು ತಂದ ಯಜಮಾನರು ಇದನ್ನು ‘ಕ್ಲಾಸಿಕ್ ಸ್ಪೋರ್ಟ್ಸ್ ಕಾರ್’ ಎನ್ನುತ್ತಾರೆ. ಅವರ ಮನೆಯವರು ಏನೆನ್ನುತ್ತಾರೆಂಬುದನ್ನು ಅಚ್ಚು ಹಾಕುವಂತಿಲ್ಲ. ಯಜಮಾನರು ಶಾಂಪೂ ತರಲು ಪೇಟೆಗೆ ಹೋಗಿದ್ದ ಸಮಯ ನೋಡಿ ನಡೆಸಿದ ಮಾತುಕತೆ ಇದು.

ನಮಸ್ಕಾರ. ಹೊದಿಕೆ ಸ್ವಲ್ಪ ಸರಿಸಲೇ?

ಎಳೀಬೇಡಿ, ಎತ್ತಿ! ಎಳೆದರೆ ಬಟ್ಟೆಯೊಳಗಿನ ದೂಳು ಉದ್ದಕ್ಕೂ ಗೀಚಿಕೊಂಡು ಹೋಗುತ್ತೆ. ಮೊದಲನೇ ಹೊದಿಕೆ ಗೀರು ಆಗದಿರಲಿ ಅಂತ, ಎರಡನೇದು ದೂಳಿಗೆ. ಮೂರನೇದು ಪಕ್ಕದ ಮನೆಯವರ ಕಣ್ಣಿಗೆ.

ನೀವು ನಿಜಕ್ಕೂ ಸ್ಪೋರ್ಟ್ಸ್ ಕಾರೇ?

ನನ್ನದು 848 ಸಿಸಿ ಎಂಜಿನ್ ಸಾರ್. ಈಗಿನ ಹುಡುಗರ ಕೆಲವು ಬೈಕ್‌ಗಳಿಗೆ ಇದಕ್ಕಿಂತ ದೊಡ್ಡದಿದೆ. ಆದರೆ ಎರಡೇ ಬಾಗಿಲು, ಫೈಬರ್‌ಗ್ಲಾಸ್‌ನ ಹಗುರ ಮೈ, ನೂಕೋದು ಹಿಂದಿನ ಚಕ್ರ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋ ಕಾರು ನನ್ನ ಅಚ್ಚು. ರ್‍ಯಾಲಿಗಳಲ್ಲಿ ನನ್ನ ಹಿಂಭಾಗ ಕುಣಿಸ್ಕೊಂಡು ಓಡಿಸೋರು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು ನೋಡಿ, ಅಲ್ಲಿಗೆ ಮುಗೀತು. ಆಮೇಲೆ ನಾನು ಪ್ಲಾಸ್ಟಿಕ್ ಡಬ್ಬ.

ಈಗ ಕ್ಲಾಸಿಕ್.

ಯಜಮಾನರ ಲೆಕ್ಕದಲ್ಲಿ. ಸರ್ಕಾರದ ಲೆಕ್ಕದಲ್ಲಿ ಇನ್ನೂ ಅಲ್ಲ. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಮೇಲೇ ವಿಂಟೇಜ್. ಆಗ ‘ವಿಎ’ ಅಂತ ಬರೆದ ಬೇರೆ ನಂಬರ್ ಪ್ಲೇಟು. 2032ರವರೆಗೆ ನಾನು ಹಳೇ ಗಾಡಿ, ಐದೈದು ವರ್ಷಕ್ಕೊಮ್ಮೆ ಆಯುಷ್ಯ ನವೀಕರಿಸ್ಕೊಳ್ಳೋನು. ಆಮೇಲೆ ಒಂದು ದಿನ ಬೆಳಗ್ಗೆ ಎದ್ದರೆ ಪರಂಪರೆ! ಹಾಗಂತ ಪರಂಪರೆಯಾದರೆ ಸುಖ ಅಂದ್ಕೋಬೇಡಿ. ವಿಂಟೇಜ್ ಗಾಡಿ ದಿನಾ ರಸ್ತೆಗಿಳಿಯೋ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥ ಕೆಲಸಕ್ಕೆ ಮಾತ್ರ. ಮೊಮ್ಮಗನ ಮುಡಿ ತೆಗೆಸೋಕೆ ದೇವಸ್ಥಾನಕ್ಕೆ ಹೋಗೋದು ಆ ಪಟ್ಟಿಯಲ್ಲಿಲ್ಲ.

ಕೊಂಡ ದಿನದ ಕಥೆ ಹೇಳಿ.

ತಿ. ನರಸೀಪುರದಲ್ಲಿ ಹುಣಸೆಮರದ ಕೆಳಗೆ ನಿಂತಿದ್ದೆ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ನಮ್ಮ ಯಜಮಾನರು ಯಾರೋ ಹೇಳಿಕೊಟ್ಟರು ಅಂತ ಜೇಬಿನಲ್ಲಿ ಅಯಸ್ಕಾಂತ ಇಟ್ಕೊಂಡು ಬಂದಿದ್ದರು. ಅಂಟದ ಕಡೆ ಪುಟ್ಟಿ ಮೆತ್ತಿದ್ದಾರೆ ಅಂತ ಅರ್ಥವಂತೆ. ಬಾಗಿಲಿಗೆ ಹಿಡಿದರು, ಅಂಟಲಿಲ್ಲ. ಬಾನೆಟ್ಟಿಗೆ ಹಿಡಿದರು, ಇಲ್ಲ. ಚಾವಣಿಗೂ ಇಲ್ಲ. ‘ಅಯ್ಯೋ, ಪೂರ್ತಿ ಪುಟ್ಟಿಯಲ್ಲೇ ಮಾಡಿದ್ದಾರೆ’ ಅಂತ ಹತ್ತು ಸಾವಿರ ಇಳಿಸಿದರು. ಮಾರಿದವರಿಗೂ ನಾನು ಫೈಬರ್ ಅನ್ನೋದು ಮರೆತುಹೋಗಿತ್ತು.

ಬಣ್ಣ ಆಗ ಹೇಗಿತ್ತು?

ಬಿಸಿಲಿಗೆ ಬೆಳ್ಳಗಾದ ಕೆಂಪು. ಹಳೇ ಕಾರುಗಳ ಬಣ್ಣದ ಮೇಲೆ ಈಗಿನ ಹಾಗೆ ಗಾಜಿನಂಥ ಕ್ಲಿಯರ್‌ಕೋಟ್ ಇರಲಿಲ್ಲ. ಬಣ್ಣವೇ ಹೊಳಪು, ಹೊಳಪೇ ಬಣ್ಣ. ಬಿಸಿಲು ನೇರ ಅದರ ಮೇಲೇ ಬೀಳುತ್ತೆ, ಬಣ್ಣ ಸುಣ್ಣದ ಹಾಗೆ ಪುಡಿಪುಡಿಯಾಗುತ್ತೆ. ಮೊದಲ ದಿನ ಯಜಮಾನರು ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿದರೆ ಬಟ್ಟೆಯೆಲ್ಲ ಕೆಂಪು. ‘ರಕ್ತ!’ ಅಂತ ಅವರ ತಾಯಿ ಕೂಗಿಕೊಂಡರು. ಮೈಸೂರಿನವರು ಬಣ್ಣದಲ್ಲಿ ಹೆಸರುವಾಸಿ ಅನ್ನಿ. 1962ರಿಂದ ದೇಶದ ಚುನಾವಣೆಗೆಲ್ಲ ಅವರದೇ ಶಾಯಿ. ಬೆರಳಿಗೆ ಹಚ್ಚಿದ್ದು ಎಷ್ಟು ಉಜ್ಜಿದರೂ ಹೋಗಲ್ಲ. ನನ್ನದು ಮುಟ್ಟಿದರೆ ಹೋಗುತ್ತೆ.

ಅದಕ್ಕೇ ಪಾಲಿಶ್ ಮಾಡುತ್ತಾರಲ್ಲ?

ಅಲ್ಲೇ ಇರೋದು ವಿಷಯ. ಪಾಲಿಶ್ ಹಾಕಿದರೆ ಗೀರು ಮುಚ್ಚಿಕೊಳ್ಳುತ್ತೆ ಅಂತ ಎಲ್ಲರೂ ತಿಳಿದಿದ್ದಾರೆ. ಗೀರು ಎಲ್ಲಿಗೂ ಹೋಗಲ್ಲ ಸಾರ್, ಅದರ ಸುತ್ತ ಇದ್ದ ಬಣ್ಣ ಹೋಗುತ್ತೆ. ಗುಂಡಿ ಮುಚ್ಚೋ ಬದಲು ಊರನ್ನೇ ಗುಂಡಿಯ ಆಳಕ್ಕೆ ಇಳಿಸಿದ ಹಾಗೆ. ಒಂದು ಕಾರಿನ ಬಣ್ಣದ ದಪ್ಪ ಎಲ್ಲ ಪದರ ಸೇರಿ ಸುಮಾರು ಒಂದು ಕೂದಲೆಳೆ, 100ರಿಂದ 150 ಮೈಕ್ರಾನ್. ಅದರಲ್ಲಿ ವಾರವಾರ ಪಾಲು ತೆಗೆದರೆ ಉಳಿಯೋದೇನು?

ಒಂದು ಭಾನುವಾರದ ಮಾತು. ಯಜಮಾನರು ವಿದೇಶದಿಂದ ತರಿಸಿದ ಪುಟ್ಟ ಡಬ್ಬಿ ತೆಗೆದು ಬಲಗಡೆ ಬಾಗಿಲು ಉಜ್ಜುತ್ತಿದ್ದರು. ಅವರ ತಾಯಿ ಎಡಗಡೆ ಬಂದು, ‘ಬೆಳ್ಳಿ ಲೋಟಕ್ಕೆ ಹಾಕೋದು ಇದನ್ನೇ ಅಲ್ವಾ’ ಅಂತ ಹಲ್ಲುಪುಡಿ ಹಾಕಿ ಉಜ್ಜಿದರು. ನಮ್ಮೂರ ಹಲ್ಲುಪುಡಿಯೇ. 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆಯದು. ಸಂಜೆ ನೋಡಿದರೆ ಎರಡು ಬಾಗಿಲಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಎರಡೂ ನುಣ್ಣನೆ ಪುಡಿಯೇ ತಾನೇ, ಮಾಡೋದು ತೇಯೋ ಕೆಲಸ. ಅಜ್ಜಿಯ ಕೈ ಸ್ವಲ್ಪ ಭಾರ, ಅಷ್ಟೆ. ಆ ಪುಡಿ ಹಲ್ಲಿಗೆ ಒಳ್ಳೇದು, ನನಗೆ ಹಲ್ಲಿಲ್ಲ.

ಮೈಸೂರಿನಲ್ಲಿ ತಜ್ಞರಿಗೆ ತೋರಿಸಿದ್ದರಂತೆ.

ಡೀಟೇಲಿಂಗ್ ಅಂಗಡಿ. ಎಸಿ ಇತ್ತು, ಕಾಫಿ ಕೊಟ್ಟರು. ಹುಡುಗ ಬಣ್ಣದ ದಪ್ಪ ಅಳೆಯೋ ಯಂತ್ರ ತಂದು ಮೈಗಿಟ್ಟ. ಅದು ಲೋಹದ ಮೇಲಿರೋ ಬಣ್ಣ ಮಾತ್ರ ಅಳೆಯೋದು. ಫೈಬರ್ ಮೇಲೆ ಅಂಕಿಯೇ ಬರಲಿಲ್ಲ. ‘ಬಣ್ಣವೇ ಇಲ್ಲ ಸಾರ್’ ಅಂದ. ಕಣ್ಣೆದುರು ಕೆಂಪಗೆ ನಿಂತಿದ್ದೇನೆ! ಆಮೇಲೆ ತಿರುಗೋ ಮೆಷಿನ್ ಹಚ್ಚಿದ. ತಗಡಾದರೆ ಬಿಸಿ ಹರಡಿಕೊಳ್ಳುತ್ತೆ, ನನ್ನ ಮೈಯಲ್ಲಿ ಬಿಸಿ ಇದ್ದ ಕಡೆಯೇ ಕೂರುತ್ತೆ, ಬಣ್ಣ ಬೇಗ ಸುಡುತ್ತೆ. ಬಾನೆಟ್ ಅಂಚಿನಲ್ಲಿ ನೋಡಿ, ಜೇಡರಬಲೆ ತರಹ ಬಿರುಕಿದೆಯಲ್ಲ? ಅದು ಬಣ್ಣದ್ದಲ್ಲ, ಕೆಳಗಿನ ಜೆಲ್‌ಕೋಟಿನದು. ಅದರ ಮೇಲೆ ಎಷ್ಟು ಪಾಲಿಶ್ ಹಾಕಿದರೂ ಬಿರುಕು ಹೊಳೀತದೆ, ಅಷ್ಟೆ.

ನಂಟರೊಬ್ಬರು ಹೇಳಿದರು, ‘ಇಲ್ಲೇ ಹಿಮ್ಮಾವಿನಲ್ಲಿ 2018ರಿಂದ ಏಷ್ಯನ್ ಪೇಂಟ್ಸ್ ಕಾರ್ಖಾನೆ ಇದೆ, ಒಂದು ಡಬ್ಬ ತಂದು ಬಳಿದುಬಿಡು.’ ಯಜಮಾನರು ಮೂರು ದಿನ ಅವರ ಜೊತೆ ಮಾತು ಬಿಟ್ಟಿದ್ದರು. ಗೋಡೆ ಬಣ್ಣದ ಸಲಹೆ ಕೊಡೋರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ.

ಹಾಗಾದರೆ ಗೀರು ಬೀಳುವುದೇ ಹೇಗೆ? ರಸ್ತೆಯಲ್ಲಿ?

ರಸ್ತೆ ಪಾಪ! ಸುತ್ತೂರಿನ ಕಡೆಯಿಂದ ಬರುವಾಗ ಹುರುಳಿ ಒಕ್ಕಣೆ ಮೇಲೆ ಹಾದೆ, ಹೊಟ್ಟೆಗೆ ಹುಲ್ಲು ಸುತ್ತಿಕೊಂಡಿತು, ಅಷ್ಟೆ. ಕಬ್ಬಿನ ಟ್ರ್ಯಾಕ್ಟರ್ ತಿರುವಿನಲ್ಲಿ ಒಂದು ಸಲ ಕೆನ್ನೆ ಸವರಿತು. ಅವೆಲ್ಲ ಲೆಕ್ಕಕ್ಕೆ ಬರೋ ಗಾಯ. ಲೆಕ್ಕಕ್ಕೆ ಬಾರದ ಸಾವಿರ ಗೀರು ಬಿದ್ದದ್ದು ಈ ಶೆಡ್ಡಿನೊಳಗೆ, ಆ ಹಳದಿ ಬಟ್ಟೆಯಿಂದ. ದೂಳು ಕಂಡ ತಕ್ಷಣ ಒಣಬಟ್ಟೆಯಲ್ಲಿ ಒರೆಸ್ತಾರೆ. ಬಟ್ಟೆ ಕೈಜಾರಿ ನೆಲಕ್ಕೆ ಬೀಳುತ್ತೆ, ಕೊಡವಿ ಮತ್ತೆ ಅದರಲ್ಲೇ ಒರೆಸ್ತಾರೆ. ಬಿಸಿಲಿಗೆ ಹಿಡಿದು ನೋಡಿ, ಮೈಯೆಲ್ಲ ಚಕ್ರಚಕ್ರ ರಂಗೋಲಿ. ತಲಕಾಡು ಮರಳಾಗಿದ್ದು ಅಲಮೇಲಮ್ಮನ ಶಾಪದಿಂದ ಅಂತಾರೆ. ನನ್ನ ಮೈಗೆ ಮರಳು ಬಂದದ್ದು ಪ್ರೀತಿಯಿಂದ.

ತೊಳೆಯುವುದೇ ಬೇಡವೇ?

ಬೇಕು. ಮೊದಲು ನೀರು ಸುರಿದು ದೂಳು ತಾನಾಗಿ ಇಳಿಯೋಕೆ ಬಿಡಬೇಕು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸೋ ನೀರು. ನೆರಳಿನಲ್ಲಿ ತೊಳೆದು ತಕ್ಷಣ ಒತ್ತಿ ಒಣಗಿಸಬೇಕು, ಬೋರ್‌ವೆಲ್ ನೀರು ಹಾಗೇ ಆರಿದರೆ ಬಿಳಿ ಚುಕ್ಕೆ ಕೂರುತ್ತೆ. ಕಾಗೆ ಹಿಕ್ಕೆ ಒಣಗಿದ್ದರೆ ಕೆರೆಯೋದಲ್ಲ, ನೆನೆಸೋದು. ಪಾತ್ರೆ ತೊಳೆಯೋ ಸೋಪು ಬೇಡವೇ ಬೇಡ, ಮೇಣವೆಲ್ಲ ಕಿತ್ತುಕೊಂಡು ಹೋಗುತ್ತೆ.

ಮೇಣ ಹಚ್ಚುತ್ತಾರಾ?

ಅದೊಂದು ಒಳ್ಳೇ ಕೆಲಸ ಮಾಡಿದ್ದಾರೆ. ಕಾರ್ನೋಬಾ ಅಂತ, ಬ್ರೆಜಿಲ್‌ನ ಒಂದು ತಾಳೆಯ ಎಲೆಯಿಂದ ತೆಗೆಯೋ ಮೇಣ. ಡಬ್ಬಿ ಹಿಡ್ಕೊಂಡು ಬೀದಿಯವರಿಗೆಲ್ಲ ಉಪನ್ಯಾಸ ಕೊಟ್ಟರು. ದೇವರಸನಹಳ್ಳಿಯಿಂದ ಬಂದಿದ್ದ ಬಾಳೆ ಬೆಳೆಯೋ ರೈತರೊಬ್ಬರು ಪೂರ್ತಿ ಕೇಳಿ, ‘ನಮ್ಮ ರಸಬಾಳೆ ಎಲೆ ಮೇಲೂ ನೀರು ನಿಲ್ಲಲ್ಲ ಬುದ್ಧಿ, ದುಡ್ಡೇನೂ ತಗೊಳ್ಳಲ್ಲ’ ಅಂದು ಹೋದರು.

ದೊಡ್ಡ ಜಾತ್ರೆ ದಿನ ಹೊರಗೆ ಬಂದಿದ್ದಿರಂತೆ?

ಬರಬಾರದಿತ್ತು. ಪೂಜೆ ಮಾಡಿಸ್ತೀನಿ ಅಂತ ತಂದು ಜನದ ಮಧ್ಯೆ ಸಿಕ್ಕಿಹಾಕಿಸಿದರು. ಐದು ತೇರು ಹೊರಟಿದ್ದವು. ಶ್ರೀಕಂಠೇಶ್ವರನ ತೇರಿಗೆ ಎಸೆದ ಹಣ್ಣು ಜವನ ಗುರಿ ತಪ್ಪಿ ನನ್ನ ಬಾನೆಟ್ ಮೇಲೆ ಬಿತ್ತು. ಹೊಸದಾಗಿ ಮದುವೆಯಾದ ಹುಡುಗ, ಕೈ ನಡುಗಿತ್ತು ಅಂತ ಕಾಣುತ್ತೆ. ಯಜಮಾನರು ಅಲ್ಲೇ ಪಂಚೆ ತುದಿಯಿಂದ ಒರೆಸೋಕೆ ಬಂದರು, ನಾನು ದೇವರಿಗೆ ಕೈಮುಗಿದೆ. ಆ ತೇರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯ್ತು ಸಾರ್. ನನಗಿಂತ ಎಷ್ಟು ಹಳಬ! ವರ್ಷಕ್ಕೊಮ್ಮೆ ಬರ್ತಾನೆ, ಸಾವಿರಾರು ಕೈ ಹಗ್ಗ ಮುಟ್ಟುತ್ತೆ, ಯಾರೂ ಮೈಕ್ರಾನ್ ಲೆಕ್ಕ ಹಾಕಲ್ಲ.

ತಿ. ನರಸೀಪುರ ನೆನಪಾಗುತ್ತದೆಯೇ?

ಆಗದೆ ಇರುತ್ತಾ. ಅಲ್ಲಿ ಗುಂಜಾ ನರಸಿಂಹಸ್ವಾಮಿ ಕೈಯಲ್ಲಿ ಗುಲಗಂಜಿ ಇದೆಯಲ್ಲ, ಕಾಶಿಗಿಂತ ಆ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ. ಹುಣಸೆಮರದ ಕೆಳಗಿದ್ದಾಗ ನನ್ನ ಮೈಮೇಲೂ ಈಗಿಗಿಂತ ಒಂದು ಗುಲಗಂಜಿ ತೂಕ ಬಣ್ಣ ಹೆಚ್ಚಿತ್ತು. ಇಪ್ಪತ್ತು ವರ್ಷ ಯಾರೂ ನನ್ನ ಒರೆಸಿರಲಿಲ್ಲ. ಕೋಳಿ ಕೂಡ ಸೀಟಿನ ಮೇಲೇ ಕೂರ್ತಿತ್ತು, ಪಾಪ, ಬಾನೆಟ್ ಹತ್ತುತ್ತಿರಲಿಲ್ಲ.

ಸ್ಕೂಟರ್ ಸದ್ದು ಕೇಳಿಸುತ್ತಿದೆ. ಯಜಮಾನರು ಬಂದರು. ಕೊನೆಯದಾಗಿ ಏನಾದರೂ ಹೇಳುವುದಿದೆಯೇ?

ಇದು ಪೇಪರಿನಲ್ಲಿ ಎಷ್ಟು ದೊಡ್ಡದಾಗಿ ಬರುತ್ತೆ?

ಅರ್ಧ ಪುಟ ಆಗಬಹುದು.

ಕಾಲು ಪುಟ ಮಾಡಿ ಸಾರ್, ದಯವಿಟ್ಟು. ಅವರು ಗಾಜು ಒರೆಸೋದು ಪೇಪರಿನಲ್ಲೇ. ಗಾಜಿಗೆ ಆಗಿ ಮಿಕ್ಕಿತು ಅಂದರೆ ಬಾಗಿಲಿಗೆ ಬರ್ತಾರೆ.