ಅಕ್ಷಯಮಂತ್ರ ಮೀಮಾಂಸೆ ಅಥವಾ ಮಾಟುಂಗಾ ಸಿದ್ಧಾಂತ

ದಾಳ ಉರುಳಿಸಿ ಆಡುವ ಪಾತ್ರದಾಟದಲ್ಲಿ ಮಂತ್ರವಾದಿಗೆ ಎಷ್ಟು ಬಳಸಿದರೂ ತೀರದ ಶಕ್ತಿ ಕೊಟ್ಟರೆ ಕತ್ತಿ ಹಿಡಿದವನ ಗತಿಯೇನು? ಇದಕ್ಕಿಂತ ಕಠಿಣ ಪ್ರಶ್ನೆಗಳು ವೇದಾಂತದಲ್ಲಿ ಇರಬಹುದು. ಆದರೆ ಅಲ್ಲಿ ವಾದ ಸೋತವನನ್ನು ಡ್ರ್ಯಾಗನ್ ತಿನ್ನುವುದಿಲ್ಲ.

ಮೊದಲು ಮೂಲಗ್ರಂಥದ ವಿಚಾರ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕದ ಋಷಿಗಳು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಸಂಹಿತೆಯನ್ನು ಹೊರತಂದರು. ಅದರ ಮಂತ್ರವಾದಿ ಬಡಪಾಯಿ. ಮೊದಲ ಹಂತದಲ್ಲಿ ದಿನಕ್ಕೊಂದೇ ಮಂತ್ರ, ಅದೂ ಪ್ರಯೋಗಿಸಿದೊಡನೆ ಮರೆತುಹೋಗುತ್ತದೆ. ಈ ಮರೆವು ಬಂದದ್ದು ಜಾಕ್ ವ್ಯಾನ್ಸ್‌ನ ಕಥೆಗಳಿಂದ. ನಮ್ಮಲ್ಲಿ ಪರಶುರಾಮರು ಕರ್ಣನಿಗೆ ಇದನ್ನೇ ಶಾಪವಾಗಿ ಕೊಟ್ಟಿದ್ದರು. ಅಮೆರಿಕದವರು ಅದನ್ನು ನಿಯಮಾವಳಿಗೆ ಸೇರಿಸಿದರು.

ಮಂತ್ರವಾದಿಗಳ ಗೋಳು 2008ರ ನಾಲ್ಕನೆಯ ಆವೃತ್ತಿಯಲ್ಲಿ ದೇವರಿಗೆ ಮುಟ್ಟಿತು. 2014ರ ಐದನೆಯದರಲ್ಲಂತೂ ‘ಫೈರ್ ಬೋಲ್ಟ್’ ಎಂಬ ಬೆಂಕಿಬಾಣವನ್ನು 120 ಅಡಿ ದೂರಕ್ಕೆ ಬೇಕೆಂದಷ್ಟು ಸಲ ಎಸೆಯಬಹುದು. ಆಟದ ಒಂದು ಸುತ್ತು 6 ಸೆಕೆಂಡು, ಅಂದರೆ ಗಂಟೆಗೆ 600 ಬಾಣ. ಹತ್ತು ಮುಖದ ದಾಳದ ಸರಾಸರಿ 5.5. ಒಂದೂ ಗುರಿ ತಪ್ಪದಿದ್ದರೆ ಗಂಟೆಗೆ 3,300 ಏಟು. ಇಂಥವನೊಬ್ಬ ದಾದರಿನಲ್ಲಿ ಮನೆಮಾಡಿದರೆ ಬಂಗುಡೆ ಹುರಿಯಲು ಗ್ಯಾಸ್ ಬುಕ್ ಮಾಡಬೇಕಿಲ್ಲ.

ಇನ್ನು ಪೂರ್ವಪಕ್ಷ. ಮಿತಿಯಿಲ್ಲದ ಶಕ್ತಿಯೇ ಅನರ್ಥ ಎನ್ನುವವರು ಭಸ್ಮಾಸುರನನ್ನು ಮುಂದಿಡುತ್ತಾರೆ. ತಲೆಯ ಮೇಲೆ ಕೈಯಿಟ್ಟರೆ ಬೂದಿ. ದಿನಕ್ಕೆ ಇಷ್ಟೇ ಸಲ ಎಂಬ ಲೆಕ್ಕವಿಲ್ಲ. ಆಟ ನಡೆಸುವವನೇ ಆಟದ ಮಧ್ಯೆ ಎದ್ದು ಓಡಿದ ಮೊದಲ ದಾಖಲೆ ಇದು. ಉತ್ತರಪಕ್ಷದವರು ಅಕ್ಷಯಪಾತ್ರೆಯನ್ನು ತೋರಿಸುತ್ತಾರೆ: ದ್ರೌಪದಿ ಉಣ್ಣುವವರೆಗೆ ಬರಿದಾಗದು, ಉಂಡ ಮೇಲೆ ಮರುದಿನವೇ. ಈ ನಿಯಮದ ಸಂದು ಹುಡುಕಿ, ಊಟ ಮುಗಿದ ಹೊತ್ತಿಗೆ ಸರಿಯಾಗಿ ದುರ್ವಾಸರನ್ನು ಕಳಿಸಿದ ದುರ್ಯೋಧನನಂಥ ಆಟಗಾರರು ಈಗಲೂ ಪ್ರತಿ ಮೇಜಿನಲ್ಲೂ ಒಬ್ಬರಾದರೂ ಇರುತ್ತಾರೆ.

ಇಬ್ಬರೂ ಮಾಟುಂಗಾ ಸ್ಟೇಷನ್ನಿನಲ್ಲಿ ಇಳಿದು ನೋಡಿದವರಲ್ಲ. ಅಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಇದೆ. ಮುಂಬಯಿಯ ಅನ್‌ಲಿಮಿಟೆಡ್ ಊಟದ ಧರ್ಮಶಾಸ್ತ್ರವನ್ನು ಇಂಥ ಪಂಕ್ತಿಗಳಲ್ಲೇ ಕುಳಿತು ಕಲಿಯಬೇಕು. ಅನ್ನ, ಸಾರು, ಸಾಂಬಾರಿಗೆ ಲೆಕ್ಕವಿಲ್ಲ. ಸಿಹಿಗೆ ಬಹಳ ಕಡೆ ಲೆಕ್ಕವುಂಟು. ಐದನೆಯ ಆವೃತ್ತಿಯೂ ಹೇಳುವುದು ಇಷ್ಟನ್ನೇ: ಬೆಂಕಿಬಾಣ ಬೇಕಾದಷ್ಟು, ಒಂಬತ್ತನೆಯ ದರ್ಜೆಯ ಮಹಾಮಂತ್ರ 17ನೆಯ ಹಂತ ಮುಟ್ಟಿದವನಿಗೂ ದಿನಕ್ಕೊಂದೇ. ಎಲೆಯ ಊಟವನ್ನು ಪಕ್ಕದವನೊಡನೆ ಹಂಚಿಕೊಳ್ಳುವಂತಿಲ್ಲ, ಕಟ್ಟಿಸಿಕೊಂಡು ಹೋಗುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಸಾಂಬಾರು ಅಪಾರವಾದರೂ ಬಾಯಿ ಒಂದೇ. ಮಂತ್ರವಾದಿಗೂ ಒಂದು ಸುತ್ತಿಗೆ ಒಂದೇ ಕ್ರಿಯೆ: ಬಾಣ ಎಸೆದವನಿಗೆ ಆ ಸುತ್ತಿನಲ್ಲಿ ಮಹಾಮಂತ್ರ ಹೇಳಲಾಗದು.

ಈಗ ಕತ್ತಿಯವನ ಲೆಕ್ಕ. ಐದನೆಯ ಹಂತದಲ್ಲಿ ಬೆಂಕಿಬಾಣಕ್ಕೆ ಎರಡು ದಾಳ, ಸರಾಸರಿ 11. ಅದೇ ಹಂತದ ಯೋಧ ಸುತ್ತಿಗೆ ಎರಡು ಸಲ ಬೀಸುತ್ತಾನೆ. ಎಂಟು ಮುಖದ ದಾಳಕ್ಕೆ ತೋಳಬಲದ 4 ಸೇರಿಸಿದರೆ ಎರಡೂ ಏಟು ತಗಲಿದಾಗ ಸರಾಸರಿ 17. ಅಂದಮೇಲೆ ಇಷ್ಟು ಕಾಲ ಕತ್ತಿಯವನ ಪರವಾಗಿ ಅತ್ತವರು ಕಣ್ಣೊರೆಸಿಕೊಳ್ಳಬಹುದು. ಗ್ರಂಥಕರ್ತರು ಇನ್ನೊಂದು ಕಡೆಯೂ ಜಾಣರು. ಆ ಪುಸ್ತಕದಲ್ಲಿ ಗಾಯ ಮಾಯಿಸುವ ಅಕ್ಷಯಮಂತ್ರ ಒಂದೂ ಇಲ್ಲ. ಸಾಯುತ್ತಿರುವವನನ್ನು ಸಾಯದಂತೆ ತಡೆಯುವ ಒಂದು ಉಂಟು, ಎಬ್ಬಿಸಿ ಕೂರಿಸುವಂಥದ್ದಿಲ್ಲ.

ಹಾಗಾದರೆ ನಿಜವಾದ ಉಪದ್ರವ ಎಲ್ಲಿದೆ? ‘ಗೈಡೆನ್ಸ್’ ಎಂಬ ನಿರಪಾಯ ಮಂತ್ರದಲ್ಲಿ. ಯಾರಾದರೂ ಒಂದು ಕೆಲಸಕ್ಕೆ ಕೈಹಾಕುವ ಮುನ್ನ ಪುರೋಹಿತ ಅವರನ್ನು ಮುಟ್ಟಿ ಹರಸಿದರೆ ನಾಲ್ಕು ಮುಖದ ದಾಳವೊಂದು ಹೆಚ್ಚು ಸಿಗುತ್ತದೆ. ಖರ್ಚಿಲ್ಲದ್ದರಿಂದ ಅವನು ಬಾಗಿಲು ತೆರೆಯುವವನಿಗೂ ಹರಸುತ್ತಾನೆ, ಬಾಗಿಲು ನೋಡುವವನಿಗೂ ಹರಸುತ್ತಾನೆ. ಬೆಂಕಿ ಎಷ್ಟಾದರೂ ಸಹಿಸಬಹುದು. ಮಿತಿಯಿಲ್ಲದ ಮಾರ್ಗದರ್ಶನವನ್ನು ಎಂಟು ಐವತ್ತರ ಲೋಕಲ್‌ನಲ್ಲಿ ನಾಲ್ಕನೆಯ ಸೀಟಿಗೆ ಒತ್ತಿ ಕುಳಿತವನೂ ಸಹಿಸಲಾರ.

ಆದ್ದರಿಂದ ಕೊಲಾಬಾದಿಂದ ಡೊಂಬಿವಲಿಯವರೆಗೆ ಆಟ ನಡೆಸುವ ಮಹನೀಯರಲ್ಲಿ ವಿನಂತಿ: ಬೆಂಕಿಬಾಣವನ್ನು ಮುಟ್ಟಬೇಡಿ, ಗೈಡೆನ್ಸ್‌ಗೆ ತಲೆಗೊಂದೇ ಸಲ ಎಂದು ಇಂದೇ ಬರೆದಿಡಿ. ಒಪ್ಪದವರು ಮಾಟುಂಗಾಕ್ಕೆ ಬನ್ನಿ, ಊಟ ಮಾಡುತ್ತಲೇ ವಾದಿಸೋಣ. ಬಿಲ್ಲು ಸೋತವರದು.